ಹಸಿರು ಬೊಟ್ಟಿನ ಚಕ್ರ

ಗ್ವೆಂಡಾ ಪಾರ್ಜಿಟರ್‌ಗೆ ಮಾತು ಮಾತಿಗೂ ಸಿಟ್ಟು ಬರುತ್ತದೆ ಎಂದು ಫೋಲ್ಸ್‌ಹಿಲ್‌ನ ಜನ ಹೇಳುತ್ತಿದ್ದರು. ಅದು ತಪ್ಪು. ಬರಬೇಕಾದರೆ ಅದು ಒಮ್ಮೆಯಾದರೂ ಹೋಗಿರಬೇಕಲ್ಲ! ಮೂವತ್ತೊಂದು ವರ್ಷದಿಂದ ಸಿಟ್ಟು ಅವಳ ಜೊತೆಗೇ ಇತ್ತು. ಬೆಳಗ್ಗೆ ಅವಳೊಂದಿಗೆ ಏಳುತ್ತಿತ್ತು, ಅವಳೊಂದಿಗೆ ಸೈಕಲ್ ಅಂಗಡಿಗೆ ನಡೆದು ಬರುತ್ತಿತ್ತು, ಹಿಂಬದಿಯ ಕೋಣೆಯಲ್ಲಿ ಅವಳ ಪಕ್ಕದಲ್ಲೇ ಕೂರುತ್ತಿತ್ತು. ಫುಟ್‌ಪಾತಿಗೆ ಗುದ್ದಿ ಚಕ್ರ ಸೊಟ್ಟ ಮಾಡಿಕೊಂಡು ಬಂದವರಿಗೆ ಮೊದಲು ಮಂಗಳಾರತಿ, ಆಮೇಲೆ ರಿಪೇರಿ. ಒಮ್ಮೆ ಚರ್ಚಿನ ಪಾದ್ರಿಯೇ ಬಂದಿದ್ದರು. "ಸ್ವರ್ಗಕ್ಕೆ ಹೋಗೋ ದಾರಿ ಗೊತ್ತಿದ್ದರೆ ಸಾಲದು, ಗುಂಡಿ ಎಲ್ಲಿದೆ ಅಂತಲೂ ನೋಡ್ಕೊಂಡು ಹೋಗಿ" ಎಂದು ಅವರ ಕೈಗೆ ಚಕ್ರ ತುರುಕಿ ಕಳಿಸಿದಳು. ಪಾದ್ರಿ ಬೇರೆ ಅಂಗಡಿಗೆ ಹೋಗಲಿಲ್ಲ. ಯಾಕೆಂದರೆ ಗ್ವೆಂಡಾ ಡೊಂಕು ತೆಗೆದ ಚಕ್ರ ಮತ್ತೆ ಡೊಂಕಾಗುತ್ತಿರಲಿಲ್ಲ. ಇದು ಇಡೀ ಕವೆಂಟ್ರಿಗೆ ಗೊತ್ತಿತ್ತು.

ಗೊತ್ತಿದ್ದೂ ಆ ಊರು ಅವಳ ತಲೆಯ ಮೇಲೆ ಗೂಬೆ ಕೂರಿಸಿತ್ತು. ಸಿಟ್ಟಿಗೆ ಮೂಲ ಅಲ್ಲಿತ್ತು.

ಹದಿನೈದನೆಯ ವಯಸ್ಸಿಗೆ ಅವಳು ಕ್ಯಾಲ್ಡನ್ ಕಾರ್ಖಾನೆಯ ಚಕ್ರದ ಮಹಡಿಗೆ ಸೇರಿದಳು. ಕೆಳಗೆ ಗಂಡಸರು ಕಾರು ಕಟ್ಟುತ್ತಿದ್ದರು. ಕೊನೆಯ ವರ್ಷ ಬಂದದ್ದು ಲಾರ್ಕ್ ಎನ್ನುವ ಪುಟ್ಟ ತೆರೆದ ಕಾರು. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಮಳೆ ಬಂದರೆ ಒಳಗಿದ್ದವರು ತೊಪ್ಪೆ. ಆದರೂ ಅದನ್ನು ಕಂಡರೆ ಗಂಡಸರು ಮದುಮಗಳನ್ನು ಕಂಡಂತೆ ಹಲ್ಲು ಬಿಡುತ್ತಿದ್ದರು. ಅಲ್ಲಿನ ಬೇರೆ ಕಾರುಗಳಂತೆ ಅದಕ್ಕೂ ಸೈಕಲ್ಲಿನ ಹಾಗೆ ಕಡ್ಡಿಗಳಿರುವ ಚಕ್ರ. ಒಂದೊಂದಕ್ಕೂ ನಲವತ್ತೆಂಟು ಕಡ್ಡಿ. ಕಡ್ಡಿ ಕಟ್ಟುವ ಕೆಲಸ ಮಹಡಿಯ ಹೆಂಗಸರದು. ಇಬ್ಬಿಬ್ಬರು ಎದುರು ಬದುರು ಕೂರಬೇಕು, ನಡುವೆ ಚಕ್ರ. ಒಬ್ಬಳು ಒಳಗಿನಿಂದ ಕಡ್ಡಿ ಚುಚ್ಚಿದರೆ ಇನ್ನೊಬ್ಬಳು ಹೊರಗಿನಿಂದ ಹಿಡಿದು ಬಿಗಿಯಬೇಕು. ಗ್ವೆಂಡಾಳ ಎದುರಿಗೆ ಕೂರುತ್ತಿದ್ದವಳು ನೆಸ್ಟಾ. ಹನ್ನೊಂದು ವರ್ಷ ಅವರಿಬ್ಬರೂ ಕಡ್ಡಿಗಳ ಸಂದಿಯಲ್ಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾಳಿದರು. ನೆಸ್ಟಾಳ ಮದುವೆಯಲ್ಲಿ ಅವಳ ಉದ್ದನೆಯ ಉಡುಪಿನ ಅಂಚು ಹಿಡಿದು ಹಿಂದೆ ನಡೆದವಳೂ ಗ್ವೆಂಡಾಳೇ.

ಕಟ್ಟಿದ ಚಕ್ರವನ್ನು ತಿರುಗಿಸಿ, ಒಂದೊಂದೇ ಕಡ್ಡಿಯನ್ನು ಬಿಗಿಯುವ ಕೀಲಿಯಿಂದ ತಟ್ಟಿ, ಸದ್ದು ಕೇಳಿ ಹದಕ್ಕೆ ತರಬೇಕು. ಅಷ್ಟೂ ಕಡ್ಡಿ ಒಂದೇ ಸ್ವರ ನುಡಿದರೆ ಚಕ್ರ ನೇರವಾಯಿತು ಎಂದು ಲೆಕ್ಕ. ಆಮೇಲೆ ಗಾಳಿ ತುಂಬುವ ತೂತಿನ ಪಕ್ಕ ಹದ ಮಾಡಿದವಳು ತನ್ನ ಬಣ್ಣದ ಬೊಟ್ಟಿಡುವುದು ಮಹಡಿಯ ಪದ್ಧತಿ. ನೆಸ್ಟಾಳದು ಹಳದಿ, ಗ್ವೆಂಡಾಳದು ಹಸಿರು.

ಸಾವಿರದ ಒಂಬೈನೂರ ಅರವತ್ತೆರಡರ ಮೇ ಇಪ್ಪತ್ತೊಂಬತ್ತರಂದು ನೆಸ್ಟಾಳ ಗಂಡ ಕ್ಲೆಮ್ ಹ್ಯಾಡ್ಲಿ ಹೊಸದಾಗಿ ಕಟ್ಟಿದ ಮೊದಲ ಲಾರ್ಕನ್ನು ಪರೀಕ್ಷೆಗೆಂದು ಕೆನಿಲ್‌ವರ್ತ್ ರಸ್ತೆಗೆ ಒಯ್ದ. ತಿರುವಿನಲ್ಲಿ ಬಲಗಡೆಯ ಮುಂದಿನ ಚಕ್ರ ಕಳಚಿತು. ಕಾರು ಕಲ್ಲಿನ ಗೋಡೆಗೆ ಅಪ್ಪಳಿಸಿತು. ಆಸ್ಪತ್ರೆಯಲ್ಲಿ ಕ್ಲೆಮ್‌ನ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು.

ಜೂನ್ ಹನ್ನೆರಡಕ್ಕೆ ವಿಚಾರಣೆ. ಮೇಜಿನ ಮೇಲೆ ಆ ಚಕ್ರವನ್ನಿಟ್ಟಿದ್ದರು. ಒಂಬತ್ತು ಕಡ್ಡಿ ಮುರಿದಿತ್ತು. ತೂತಿನ ಪಕ್ಕ ಹಸಿರು ಬೊಟ್ಟು. ಪರೀಕ್ಷಾ ಶೆಡ್ಡಿನ ಮುಖ್ಯಸ್ಥ ಲಯನೆಲ್ ಥರ್ಸ್‌ಫೀಲ್ಡ್ ಇಸ್ತ್ರಿ ಮಾಡಿದ ಬಿಳಿ ಕೋಟಿನಲ್ಲಿ ಕೂತಿದ್ದ. ವಿಮಾನದ ಕಾರ್ಖಾನೆಯಿಂದ ಬಂದವನು, ಓದಿದವನು. "ಕಡ್ಡಿ ಕೈಕೊಟ್ಟಿದೆ. ಕಟ್ಟಿದವರು ಸರಿಯಾಗಿ ಕಟ್ಟಿಲ್ಲ" ಎಂದ, ಮುಖವೆತ್ತದೆ.

"ಕಡ್ಡಿ ಕೈಕೊಟ್ಟಿದ್ರೆ ಚಕ್ರ ಕಾರಿನ ಅಡೀಲೇ ಮುದ್ದೆ ಆಗ್ತಿತ್ತು. ಇದು ನೂರು ಗಜ ಆಚೆ ಬಟಾಣಿ ಹೊಲದಲ್ಲಿ ಸಿಕ್ಕಿದೆ. ಮುರಿದಿದ್ದೆಲ್ಲ ಒಂದೇ ಪಕ್ಕದ ಕಡ್ಡಿ. ಎಲ್ಲೋ ಹೋಗಿ ಹೊಡ್ಕೊಂಡಿದೆ. ಇದು ಮುರಿದಿದ್ದಲ್ಲ ಸ್ವಾಮೀ, ಕಳಚಿದ್ದು! ನನಗೆ ಆ ಕಾರು ತೋರಿಸಿ" ಎಂದಳು ಗ್ವೆಂಡಾ.

"ನೋಡಮ್ಮಾ, ನಿನಗೆ ದುಃಖ ಆಗಿದೆ, ನಮಗೆ ಅರ್ಥ ಆಗುತ್ತೆ" ಎಂದ ಥರ್ಸ್‌ಫೀಲ್ಡ್. ಕಾರನ್ನು ತೋರಿಸಲಿಲ್ಲ.

ಅವಳನ್ನು ಕೆಲಸದಿಂದ ತೆಗೆದಿದ್ದರೆ ವಾಸಿಯಿತ್ತು. ಅದೂ ಇಲ್ಲ. ದೊಡ್ಡ ಉಪಕಾರ ಮಾಡಿದವರಂತೆ ಕೆಳಗಿನ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆ ಮಡಿಸುವುದಕ್ಕೆ ಹಾಕಿದರು. ಊಟದ ಹೊತ್ತಿಗೆ ಅವಳು ಕೂತ ಬೆಂಚಿನಿಂದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು. ಒಂದು ತಿಂಗಳಿಗೆ ತಾನೇ ಬಿಟ್ಟು ಬಂದಳು. ಮಾಂಸದ ಕಡುಬು ಮಾಡಿ ಒಯ್ದು ನೆಸ್ಟಾಳ ಬಾಗಿಲು ತಟ್ಟಿದಳು. ಬಾಗಿಲು ತೆರೆಯಿತು, ಮುಖ ಕಂಡಿತು, ಬಾಗಿಲು ಮುಚ್ಚಿತು. ಮೂರು ಬೀದಿ ಆಚೆಯ ಮನೆ. ಅಂದಿನಿಂದ ಕಸಾಯಿಯ ಅಂಗಡಿಯ ಸಾಲಿನಲ್ಲಿ ಗ್ವೆಂಡಾ ನಿಂತಿದ್ದರೆ ನೆಸ್ಟಾ ಬರಿಗೈಯಲ್ಲಿ ವಾಪಸ್ಸು ಹೋಗುತ್ತಿದ್ದಳು. ಕ್ಲೆಮ್ ಮರದ ಕಾಲು ಹಾಕಿಕೊಂಡು ಇಪ್ಪತ್ತು ವರ್ಷ ಬದುಕಿ ಸತ್ತ. ಅವನ ಮಣ್ಣಿಗೆ ಗ್ವೆಂಡಾ ಹೋಗಲಿಲ್ಲ. ಬೇಲಿಯ ಆಚೆ ನಿಂತು ನೋಡಿ ಬಂದಳು. ಸಮಾಧಿಯನ್ನೂ ಬೇಲಿಯಾಚೆಯಿಂದ ನೋಡುವ ಗತಿ ತಂದವನ ಹೆಸರು ನೆನೆದು ದಾರಿಯುದ್ದಕ್ಕೂ ಹಲ್ಲು ಕಡಿದಳು.

ಗಂಡ ಬಂದ, ಹೋದ. ಮಕ್ಕಳಾಗಲಿಲ್ಲ. ಸೈಕಲ್ ಅಂಗಡಿಯೊಂದು ಉಳಿಯಿತು. ಅರವತ್ತು ಹತ್ತಿರವಾದರೂ ಕಿವಿ ಮಾತ್ರ ಕೆಡಲಿಲ್ಲ.

ತೊಂಬತ್ತಮೂರರ ಜೂನ್ ಮೊದಲ ವಾರ ಹ್ಯೂ ಬ್ಯಾಗ್‌ನಾಲ್ ಎನ್ನುವವನು ಅಂಗಡಿಗೆ ಬಂದ. ಹಲ್ಲಿನ ಡಾಕ್ಟರು, ಲಾರ್ಕ್ ಕಾರುಗಳ ಸಂಘಕ್ಕೆ ಕಾರ್ಯದರ್ಶಿ. ಕಂಬಳಿ ಸುತ್ತಿದ ನಾಲ್ಕು ಚಕ್ರಗಳನ್ನು ಎಳೆಗೂಸುಗಳಂತೆ ಒಂದೊಂದಾಗಿ ಇಳಿಸಿದ.

"ಮೊಟ್ಟಮೊದಲ ಲಾರ್ಕು, ಮಿಸೆಸ್ ಪಾರ್ಜಿಟರ್! ಹಳೇ ಕೊಟ್ಟಿಗೇಲಿ ಹುಲ್ಲಿನ ಅಡಿ ಬಿದ್ದಿತ್ತು. ನಾಲ್ಕು ವರ್ಷ ಕೂತು ಸರಿ ಮಾಡಿದೀವಿ. ಎಂಜಿನ್ನು, ಎರಡು ಕಾರ್ಬುರೇಟರು, ಹಬ್ಬು, ನಟ್ಟು, ಎಲ್ಲ ಅದರದ್ದೇ. ಮುಂದಿನ ಭಾನುವಾರ ಮೇಳ ಇದೆ. ಈ ಚಕ್ರಗಳ ಡೊಂಕು ತೆಗೆಯೋರು ನೀವು ಬಿಟ್ರೆ ಯಾರೂ ಉಳಿದಿಲ್ಲ."

"ಉಳಿದಿಲ್ಲ ಅಂತ ನೆನಪಾಯ್ತಾ ಈಗ?" ಎಂದಳು ಗ್ವೆಂಡಾ. ಪಾಪ, ಹಲ್ಲಿನ ಡಾಕ್ಟರಿಗೆ ಏನೂ ಗೊತ್ತಿರಲಿಲ್ಲ. "ಓಡಿಸಿ ನೋಡಿದ್ರಾ?"

"ಇಲ್ಲ, ಇಲ್ಲ. ಟ್ರೇಲರ್ ಮೇಲೇ ತರೋದು. ಅದನ್ನ ರಸ್ತೆಗಿಳಿಸಬಾರದು ಅಂತ ನಮ್ಮ ಅಧ್ಯಕ್ಷರದ್ದು ಕಟ್ಟಪ್ಪಣೆ. ಮಿಸ್ಟರ್ ಥರ್ಸ್‌ಫೀಲ್ಡ್, ನಿಮಗೆ ಗೊತ್ತಿರಬೇಕು. ಅವರು ಬರೆದ ಪುಸ್ತಕ ತಂದಿದೀನಿ ನಿಮಗೆ, ಕಾಣಿಕೆ."

ಪುಸ್ತಕವನ್ನು ಅವನ ಮುಖಕ್ಕೆ ಎಸೆಯಬೇಕು ಎನ್ನಿಸಿತು. ಎಸೆಯಲಿಲ್ಲ, ಏಕೆಂದರೆ ಅವಳ ಕೈ ಆಗಲೇ ಮೂರನೆಯ ಚಕ್ರದ ಮೇಲಿತ್ತು. ಬೆಳ್ಳಿಬಣ್ಣದ ಅಡಿಯಲ್ಲಿ ಒಂದು ಸಣ್ಣ ಉಬ್ಬು. ಅವನು ಹೋದ ಮೇಲೆ ಉಗುರಿನಿಂದ ಕೆರೆದಳು. ಹಸಿರು.

ಒಂಬತ್ತು ಕಡ್ಡಿ ಹೊಸದು. ಮಿಕ್ಕ ಮೂವತ್ತೊಂಬತ್ತು ಅವಳೇ ಕಟ್ಟಿದ್ದು. ಕೀಲಿಯಿಂದ ತಟ್ಟಿದಳು. ಕಳಚಿ ಉರುಳಿ, ಹೊಲದಲ್ಲಿ ಬಿದ್ದು, ಹುಲ್ಲಿನಡಿ ಕೊಳೆತು ಬಂದ ಚಕ್ರ. ಮೂವತ್ತರ ಮೇಲೆ ಕಡ್ಡಿಗಳು ಈಗಲೂ ಒಂದೇ ಸ್ವರ ನುಡಿದವು. ಅಚ್ಚಿನ ತುದಿಯ ಹಬ್ಬಿನ ಮೇಲೆ ಕೂರುವ ನಡುವಿನ ಹಲ್ಲುಗಳಲ್ಲಿ ಒಂದೂ ಮುರಿದಿರಲಿಲ್ಲ. ಗ್ವೆಂಡಾಳ ಕಣ್ಣಲ್ಲಿ ನೀರು ಬಂತು, ದುಃಖದಿಂದಲ್ಲ, ಹೊಟ್ಟೆಯುರಿಯಿಂದ.

ಮಧ್ಯಾಹ್ನ ಚೀಸ್ ಇಟ್ಟ ಬನ್ನು ಕಚ್ಚುತ್ತ, ಟೀ ಹೀರುತ್ತ, ವೈರಿಯ ಪುಸ್ತಕ ತೆರೆದಳು. ಲಾರ್ಕಿನ ಮೂರು ಮಾದರಿಗಳ ವರ್ಣನೆ. ಮೊದಲನೆಯದು: ನಾಲ್ಕು ಸಿಲಿಂಡರು, ಎರಡು ಕಾರ್ಬುರೇಟರು, ನಲವತ್ತೆಂಟು ಕಡ್ಡಿ. ಮೂರನೆಯದು: ಆರು ಸಿಲಿಂಡರು, ಮೂರು ಕಾರ್ಬುರೇಟರು, ಎಪ್ಪತ್ತೆರಡು ಕಡ್ಡಿ, ಏರಿಸಿ ಇಳಿಸುವ ಗಾಜು. ನಡುವಿನ ಎರಡನೆಯ ಮಾದರಿಗೆ ಬಂದಾಗ ಟೀ ಬಾಯಲ್ಲೇ ನಿಂತಿತು. "ಚಕ್ರಗಳ ದೌರ್ಬಲ್ಯ ಕಂಡುಬಂದದ್ದರಿಂದ ಅರವತ್ತು ಕಡ್ಡಿಗಳನ್ನು ಅಳವಡಿಸಲಾಯಿತು" ಎಂದು ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ: "ಹದಿನೇಳನೆಯ ಗಾಡಿಯಿಂದ ಎಡ ಮತ್ತು ಬಲ ಹಬ್‌ಗಳನ್ನು ಅದಲು ಬದಲು ಮಾಡಲಾಯಿತು. ಜೂನ್ 5, 1962."

ಕಡ್ಡಿ ಚಕ್ರಕ್ಕೆ ನಾಲ್ಕಾರು ಬೋಲ್ಟುಗಳಿಲ್ಲ. ಹಬ್ಬಿನ ಮೇಲೆ ಕೂರಿಸಿ, ನಡುವೆ ಎರಡು ಕಿವಿಗಳಿರುವ ಒಂದೇ ದೊಡ್ಡ ನಟ್ಟು ಹಾಕಿ, ತಾಮ್ರದ ಸುತ್ತಿಗೆಯಿಂದ ಕಿವಿಗೆ ಹೊಡೆದು ಬಿಗಿಯುವುದು. ಕಾರಿನ ಎಡಕ್ಕೆ ಒಂದು ದಿಕ್ಕಿಗೆ ತಿರುಗುವ ಮರೆ, ಅಂದರೆ ನಟ್ಟಿನ ಸುತ್ತು, ಬಲಕ್ಕೆ ಅದರ ವಿರುದ್ಧದ ಮರೆ. ಯಾವುದು ಎಲ್ಲಿಗೆ? ಗ್ವೆಂಡಾಳ ಅಪ್ಪ ಅವಳಿಗೆ ಎಂಟು ವರ್ಷಕ್ಕೇ ಹೇಳಿಕೊಟ್ಟಿದ್ದ: ಚಕ್ರ ಉರುಳುವ ಕಡೆಗೇ ಹೊಡೆದರೆ ಬಿಚ್ಚಬೇಕು. ಕೇಳಿದವರಿಗೆ ಇದು ತಲೆಕೆಳಗು ಅನ್ನಿಸುತ್ತದೆ. ಓದಿದವರಿಗಂತೂ ಇನ್ನೂ ಹೆಚ್ಚು. ಹಳಬರು ದಡ್ಡರು, ತಾನು ತಿದ್ದುತ್ತೇನೆ ಎಂದು ಹೊರಟ ಆ ಬಿಳಿ ಕೋಟಿನ ಓದಿದವನು ಹಬ್ಬುಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಸಿದ್ದ. ಕಾರು ಓಡಿದಷ್ಟೂ ನಟ್ಟು ತಾನೇ ಬಿಚ್ಚಿಕೊಳ್ಳುತ್ತ ಹೋಗಿತ್ತು.

ಅಷ್ಟಾದರೆ ತಪ್ಪು ಎನ್ನಬಹುದು. ತಪ್ಪು ಯಾರು ಮಾಡುವುದಿಲ್ಲ? ಆದರೆ ಜೂನ್ ಐದಕ್ಕೆ ಹಬ್ಬು ಬದಲಾಗಿದೆ. ವಿಚಾರಣೆ ಹನ್ನೆರಡಕ್ಕೆ. ಮುಖವೆತ್ತದೆ ಅವಳ ಕೊರಳಿಗೆ ಚಕ್ರ ಕಟ್ಟಿದಾಗ ಅವನಿಗೆ ಎಲ್ಲ ಗೊತ್ತಿತ್ತು, ಏಳು ದಿನದಿಂದ ಗೊತ್ತಿತ್ತು. ಅರವತ್ತು ಕಡ್ಡಿ ಹಾಕಿದ್ದೂ ತಿಪ್ಪೆ ಸಾರಿಸುವುದಕ್ಕೇ! ಗ್ವೆಂಡಾ ಎದ್ದು ಟೀ ಬಟ್ಟಲನ್ನು ತೊಟ್ಟಿಯಲ್ಲಿಟ್ಟಳು. ಇಟ್ಟ ರಭಸಕ್ಕೆ ಅದು ಒಡೆಯಿತು.

ಭಾನುವಾರ ಊರಾಚೆಯ ಕ್ರಿಕೆಟ್ ಮೈದಾನದ ತುಂಬ ಲಾರ್ಕುಗಳು. ಬಾನೆಟ್ ಎತ್ತಿ ಬಗ್ಗಿ ನೋಡುವವರು, ಹುಲ್ಲಿನ ಮೇಲೆ ಟೀ, ಕೇಕು. ನಡುವೆ ಡೇರೆಯಡಿಯಲ್ಲಿ ಮೊದಲ ಲಾರ್ಕು, ಜಾಕಿನ ಮೇಲೆ. ಪಕ್ಕದ ಮೇಜಿನಲ್ಲಿ ಎಪ್ಪತ್ತೆಂಟರ ಥರ್ಸ್‌ಫೀಲ್ಡ್, ಕೋಟಿನ ಎದೆಗೆ ಸಂಘದ ಬಿಲ್ಲೆ. ಅವನ ಪಕ್ಕ ನೀಲಿ ಟೋಪಿಯಲ್ಲಿ ನೆಸ್ಟಾ. ಕ್ಲೆಮ್ ಹೆಸರಿನಲ್ಲಿ ಆ ವರ್ಷ ಒಂದು ಕಪ್ ಇಟ್ಟಿದ್ದರು. ಹೆಂಡತಿಯ ಕೈಯಿಂದ ಕೊಡಿಸಬೇಕೆಂದು ಕರೆಸಿದ್ದರು. ಕಾಲು ತೆಗೆಸಿದವನು ಕಾಲು ಕಳೆದುಕೊಂಡವನ ಹೆಂಡತಿಗೆ ಕೇಕು ಕತ್ತರಿಸಿ ಕೊಡುತ್ತಿದ್ದ. ಗ್ವೆಂಡಾ ಅದನ್ನು ನೋಡಿದಳು. ಅವಳನ್ನು ಕಂಡ ನೆಸ್ಟಾ ಎಂದಿನಂತೆ ಮುಖ ತಿರುಗಿಸಿದಳು.

ಗ್ವೆಂಡಾ ಅಂಗಡಿಯಿಂದ ತಂದಿದ್ದ ನಾಲ್ಕೂ ಚಕ್ರ ಹಾಕಿದಳು. ಹಸಿರು ಬೊಟ್ಟಿನದನ್ನು ಬಲಗಡೆ ಮುಂದಕ್ಕೆ. ಕಾರನ್ನು ಜಾಕಿನಿಂದ ಇಳಿಸಿದ ಮೇಲೆ ತಾಮ್ರದ ಸುತ್ತಿಗೆ ಹಿಡಿದು ಹ್ಯೂನನ್ನು ಕರೆದಳು.

"ಡಾಕ್ಟ್ರೇ, ಎರಡನೇ ಮಾದರಿಯದೊಂದು ಕಾರು ತಂದು ಇದರ ಪಕ್ಕ ನಿಲ್ಸಿ."

ನಿಲ್ಲಿಸಿದರು. ಜನ ಸೇರಿದರು.

"ನಟ್ಟಿನ ಮೇಲೆ ಬಾಣ ಕೆತ್ತಿದೆ, ಬಿಚ್ಚೋಕೆ ಯಾವ ಕಡೆ ಹೊಡೀಬೇಕು ಅಂತ. ಎರಡನೇ ಮಾದರೀದು ಓದಿ."

"ಮೇಲಿನ ಕಿವಿಗೆ... ಮುಂದಕ್ಕೆ."

"ಇದರದ್ದು?"

ಹ್ಯೂ ಬಗ್ಗಿದ. ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದ. "ಹಿಂದಕ್ಕೆ. ಇದು ಉಲ್ಟಾ ಇದೆಯಲ್ಲ!"

"ಚಕ್ರ ಮುಂದಕ್ಕೆ ಉರುಳ್ತಾ ಇದ್ರೆ ನಟ್ಟು ಕೂದಲೆಳೆಯಷ್ಟು ಹಿಂದಕ್ಕೆ ಸರೀತಾ ಇರುತ್ತೆ. ಹಿಂದಕ್ಕೆ ಸರಿದಷ್ಟೂ ಬಿಗಿ ಆಗ್ಬೇಕು. ಇದರಲ್ಲಿ ಸರಿದಷ್ಟೂ ಬಿಚ್ಚುತ್ತೆ. ಹದಿನಾರು ಕಾರು ಹಿಂಗೇ ಹೊರಗೆ ಹೋದ್ವು. ಕ್ಲೆಮ್ ಓಡಿಸಿದ್ದು ಇದನ್ನೇ. ಅವನ ಅಪಘಾತ ಆಗಿ ಏಳೇ ದಿನಕ್ಕೆ ಹಬ್ಬು ಬದಲಾಯ್ಸಿದಾರೆ. ನಾನು ಹೇಳ್ತಿಲ್ಲ, ಅಧ್ಯಕ್ಷರೇ ಪುಸ್ತಕದಲ್ಲಿ ಬರೆದಿದಾರೆ. ಇಪ್ಪತ್ತೆರಡನೇ ಪುಟ."

ಥರ್ಸ್‌ಫೀಲ್ಡ್ ಎದ್ದು ಬಂದ. ಹುಳ್ಳಗೆ ನಕ್ಕ. "ಗ್ವೆಂಡಾ, ಎಷ್ಟು ವರ್ಷ ಆಯ್ತಮ್ಮಾ! ನಿನಗಿನ್ನೂ ಆ ದುಃಖ ಹೋಗಿಲ್ಲ. ಮಾದರಿಯಿಂದ ಮಾದರಿಗೆ ಸಣ್ಣಪುಟ್ಟ ಬದಲಾವಣೆ ಇದ್ದೇ ಇರುತ್ತೆ. ಎರಡೂ ಪದ್ಧತಿ ನಡೆಯುತ್ತೆ."

"ನಡೆಯುತ್ತಾ? ಸರಿ. ಹಂಗಾದ್ರೆ ಹತ್ತಿ, ಓಡ್ಸಿ. ಕೆನಿಲ್‌ವರ್ತ್ ರಸ್ತೆ ತಿರುವಿನ ತನಕ ಹೋಗಿ ಬನ್ನಿ. ಚಕ್ರ ನಂದು, ನಟ್ಟು ನಿಮ್ದು. ಯಾವುದು ಕೈಕೊಡುತ್ತೆ ನೋಡೋಣ."

"ಇದು ಓಡಿಸೋ ಗಾಡಿ ಅಲ್ಲ. ಇದು ಇತಿಹಾಸ."

"ಮೂವತ್ತೊಂದು ವರ್ಷ ನನ್ನ ಹೆಸರನ್ನ ಬಚ್ಚಲಿಗೆ ಹಾಕಿ ತುಳಿದ್ರಲ್ಲ, ಅದೂ ಇತಿಹಾಸಾನಾ? ಹತ್ರೀ!" ಗ್ವೆಂಡಾಳ ದನಿಗೆ ಮೈದಾನದ ಆ ತುದಿಯಲ್ಲಿದ್ದವರೂ ತಿರುಗಿ ನೋಡಿದರು. "ಹೆಂಗಸಿನ ಕೈ ಸರಿ ಇಲ್ಲ ಅಂದ್ರಿ. ಈಗ ನಿಮ್ಮ ಕೈ ತೋರ್ಸಿ! ಕೂತ್ಕೊಳ್ರೀ!"

ಥರ್ಸ್‌ಫೀಲ್ಡ್ ಹ್ಯೂನ ಕಡೆ ತಿರುಗಿ, "ಇವರನ್ನ ಯಾರು ಕರೆದ್ರು?" ಎಂದ.

ಅಷ್ಟರಲ್ಲಿ ಕಾರಿನ ಬಾಗಿಲು ತೆರೆದ ಸದ್ದಾಯಿತು. ನೆಸ್ಟಾ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಎಡಗಡೆಯ ಸೀಟಿನಲ್ಲಿ ಕೂತಿದ್ದಳು.

"ಬನ್ನಿ ಲಯನೆಲ್. ನಾನೂ ಬರ್ತೀನಿ. ಕ್ಲೆಮ್ ಹೋದ ದಾರೀನ ನಾನು ಒಂದ್ಸಲಾನೂ ನೋಡಿಲ್ಲ."

"ನೆಸ್ಟಾ, ತಮಾಷೆ ಬೇಡ. ಇಳಿ."

"ಎರಡೂ ಪದ್ಧತಿ ನಡೆಯುತ್ತೆ ಅಂದ್ರಲ್ಲ. ಡಾಕ್ಟ್ರೇ, ಇವರು ಓಡಿಸದಿದ್ರೆ ನೀವು ಓಡ್ಸಿ. ಕೀಲಿ ಹಾಕಿ."

ಹ್ಯೂ ಬೆಪ್ಪಾಗಿ ಎರಡು ಹೆಜ್ಜೆ ಮುಂದಿಟ್ಟ. ಥರ್ಸ್‌ಫೀಲ್ಡ್ ಅವನ ತೋಳು ಹಿಡಿದು ಎಳೆದ. "ಬೇಡ! ಇಳಿ ನೆಸ್ಟಾ, ಹೇಳೋದು ಕೇಳು. ಆ ಚಕ್ರ ನಿಲ್ಲಲ್ಲ!"

ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು. ಸಂಘದ ಅರವತ್ತು ಎಪ್ಪತ್ತು ಜನ ಕೇಳಿಸಿಕೊಂಡಿದ್ದರು. ಅವನು ಎದೆಯ ಬಿಲ್ಲೆಯನ್ನು ಮುಟ್ಟಿ ನೋಡಿಕೊಂಡು, ಯಾರ ಕಡೆಗೂ ನೋಡದೆ ಹುಲ್ಲು ದಾಟಿ ಹೋದ. ಯಾರೂ ಅವನ ಜೊತೆ ಹೋಗಲಿಲ್ಲ. ಒಬ್ಬೊಬ್ಬರಾಗಿ ಜನ ಪಕ್ಕಕ್ಕೆ ಸರಿದದ್ದನ್ನು ಗ್ವೆಂಡಾ ನೋಡಿದಳು. ತನ್ನ ಬೆಂಚಿನಿಂದ ಹೆಂಗಸರು ಎದ್ದು ಹೋಗುತ್ತಿದ್ದದ್ದೂ ಹೀಗೇ. ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ.

ನೆಸ್ಟಾ ಇಳಿದು ಬಂದಳು.

"ಗ್ವೆನ್. ಮನೆಗೆ ಬಾರೆ. ಟೀ ಕುಡಿಯೋಣ."

"ನನಗೆ ಬೇಡ ನಿನ್ನ ಟೀ. ನಾನು ಕಡುಬು ತಂದಾಗ ಏನ್ ಮಾಡ್ದೆ ನೀನು?"

"ಬೈಯಿ. ಬೈಯೋದಕ್ಕೆ ಇನ್ನೂ ಇದೆ." ನೆಸ್ಟಾ ನೆಲ ನೋಡಿದಳು. "ಕ್ಲೆಮ್ ಹೇಳ್ತಿದ್ದ. ಆಸ್ಪತ್ರೆಯಲ್ಲೇ ಹೇಳ್ದ. 'ಚಕ್ರ ಮುರೀಲಿಲ್ಲ ಕಣೇ, ಇಡಿಯಾಗಿ ನನ್ನ ಮುಂದೇನೇ ಉರುಳ್ಕೊಂಡು ಹೋಯ್ತು, ಗ್ವೆನ್‌ಗೆ ಹೇಳು' ಅಂತ. ಸಾಯೋವರೆಗೂ ಹೇಳ್ತಾನೇ ಇದ್ದ. ಸುಮ್ನಿರು ಅಂತ ಬಾಯಿ ಮುಚ್ಚಿಸ್ತಿದ್ದೆ. ಯಾರನ್ನಾದ್ರೂ ಬೈಕೊಂಡು ಬದುಕಬೇಕಿತ್ತು ನಾನು. ದೊಡ್ಡೋರನ್ನ ಬೈಯೋಕೆ ಧೈರ್ಯ ಇರಲಿಲ್ಲ. ನೀನು ಹತ್ತಿರ ಇದ್ದೆ."

ಗ್ವೆಂಡಾಳ ಕೈಯಲ್ಲಿ ತಾಮ್ರದ ಸುತ್ತಿಗೆ ಇತ್ತು. ಹ್ಯೂ ಬೆದರಿ ಅದನ್ನೇ ನೋಡುತ್ತಿದ್ದ. ಇಪ್ಪತ್ತು ವರ್ಷ. ಮೂರೇ ಬೀದಿ ಆಚೆ, ಒಂದು ಅಡಿಗೆಮನೆಯಲ್ಲಿ, ಒಬ್ಬ ಮನುಷ್ಯ ಅವಳ ಪರವಾಗಿ ಇಪ್ಪತ್ತು ವರ್ಷ ಮಾತಾಡಿದ್ದ. ಥರ್ಸ್‌ಫೀಲ್ಡ್ ಮಾಡಿದ್ದಕ್ಕಿಂತ ಇದು ಹೆಚ್ಚು ಉರಿಯಿತು. ಆ ಮುದುಕ ಎಂದೂ ಅವಳ ಎದುರು ಕೂತು ಚಕ್ರ ಕಟ್ಟಿದವನಲ್ಲ; ನೆಸ್ಟಾ ಹನ್ನೊಂದು ವರ್ಷ ಕೂತಿದ್ದಳು.

ಅವಳು ಬಗ್ಗಿ ನಟ್ಟಿನ ಮೇಲಿನ ಕಿವಿಗೆ ಹಿಂದಕ್ಕೆ ಹೊಡೆದಳು. ಎರಡೇ ಏಟಿಗೆ ಬಿಚ್ಚಿತು. ಹ್ಯೂನಿಂದ ಜಾಕು ಎತ್ತಿಸಿ, ಹಸಿರು ಬೊಟ್ಟಿನ ಚಕ್ರವನ್ನು ಎಳೆದು ತೆಗೆದು, ಎರಡು ಮಡಿಸುವ ಕುರ್ಚಿಗಳ ನಡುವೆ ಹುಲ್ಲಿನ ಮೇಲೆ ನಿಲ್ಲಿಸಿದಳು. ಒಂದು ಕುರ್ಚಿಯಲ್ಲಿ ತಾನು ಕೂತಳು.

"ಹೊಸ ಒಂಬತ್ತು ಕಡ್ಡೀಲಿ ಒಂದು ಇನ್ನೂ ಸ್ವರ ತಪ್ಪಿದೆ. ಬೆಳಗ್ಗಿಂದ ಒಬ್ಬಳೇ ಹಿಡಿದು ಸಾಕಾಯ್ತು" ಎಂದಳು.

ನೆಸ್ಟಾ ನಿಂತೇ ಇದ್ದಳು.

"ಏನ್ ನೋಡ್ತಿದೀಯ? ಕೂತ್ಕೊ. ಆ ಕಡೆಯಿಂದ ಹಿಡ್ಕೊ. ಬಾಯಿ ಮಾತ್ರ ಬಿಡಬೇಡ. ನನ್ನ ಸಿಟ್ಟು ಇನ್ನೂ ಮುಗಿದಿಲ್ಲ."

ನೆಸ್ಟಾ ಕೂತಳು. ಹೊರಗಿನಿಂದ ಕಡ್ಡಿ ಹಿಡಿದಳು. ಗ್ವೆಂಡಾ ಕಡ್ಡಿಗಳ ಸಂದಿಯಿಂದ ಅವಳ ಮುಖವನ್ನು ನೋಡಿದಳು, ಎಷ್ಟು ಮುದುಕಿಯಾಗಿದ್ದಾಳೆ ಎಂದುಕೊಂಡಳು, ಕೀಲಿಯಿಂದ ತಟ್ಟಿದಳು.